ಮೊದಲ ನೀರು ಯಾರಿಗೆ

ಸ್ಟೀಲ್‌ಹೆಡ್ ಮೀನಿಗೆ ಅಂತ ಇಬ್ಬರು ಹೊರಟರೆ ಹೊಳೆಗೆ ಕಾಲಿಡುವ ಮೊದಲೇ ಒಂದು ವಿಷಯ ತೀರ್ಮಾನ ಆಗಬೇಕು. ಮುಂದೆ ಯಾರು, ಹಿಂದೆ ಯಾರು? ಇಬ್ಬರೂ ಒಂದೇ ಕಡೆ ನಿಂತು ಗಾಳದ ಲೈನು ಬೀಸಲು ಆಗುವುದಿಲ್ಲ. ಒಬ್ಬ ಮೇಲಿನ ತುದಿಯಲ್ಲಿ ನೀರಿಗಿಳಿದು, ಒಂದು ಸಲ ಬೀಸಿ, ಎರಡು ಹೆಜ್ಜೆ ಕೆಳಕ್ಕೆ ಸರಿದು, ಮತ್ತೆ ಬೀಸಿ, ಹೀಗೇ ಹರಿವಿನ ಜೊತೆ ಇಳಿಯುತ್ತಾ ಹೋಗುತ್ತಾನೆ. ಅವನು ಸಾಕಷ್ಟು ದೂರ ಹೋದ ಮೇಲೆ ಇನ್ನೊಬ್ಬ ಅದೇ ಮೇಲಿನ ತುದಿಯಿಂದ ಶುರು ಮಾಡುತ್ತಾನೆ. ಮುಂದಿನವನಿಗೆ ಸಿಗುವುದು ರಾತ್ರಿಯಿಡೀ ಯಾರೂ ಮುಟ್ಟದ ನೀರು. ಹಿಂದಿನವನಿಗೆ ಉಳಿಯುವುದು ಆಗಲೇ ಒಬ್ಬ ಜಾಲಾಡಿ ಹೋದ ನೀರು. ಬೆಳಗಿನಿಂದ ಸಂಜೆವರೆಗೆ ಬೀಸಿದರೂ ಒಂದು ಮೀನು ಸಿಕ್ಕರೆ ಅದೇ ಹೆಚ್ಚು ಅನ್ನುವ ಈ ಕೆಲಸದಲ್ಲಿ ಆ ಮೊದಲ ನೀರಿಗೆ ಎಷ್ಟು ಬೆಲೆ ಇದೆ ಅಂತ ನೀವೇ ಲೆಕ್ಕ ಹಾಕಿ.

ನಾನೂ ಧಾರವಾಡದ ನನ್ನ ಗೆಳೆಯನೂ ಅಮೆರಿಕದ ಆರೆಗಾನ್‌ನ ಡೆಶೂಟ್ಸ್ ಹೊಳೆಗೆ ಬಹಳ ವರ್ಷಗಳಿಂದ ಹೋಗುತ್ತಿದ್ದೇವೆ. ರಾಡು ಹಿಡಿಯುವುದನ್ನು ಹೇಳಿಕೊಟ್ಟವನು ಅವನೇ. ಹೋದಾಗಲೆಲ್ಲ ದಡದಲ್ಲಿ ನಿಂತು ಅವನು ಹೇಳುವ ಮಾತು ಒಂದೇ. "ನೀ ಮೊದಲ ಹೋಗಪಾ. ನಾ ಹಿಂದ ಬರ್ತೀನಿ." ಶುರುವಿನಲ್ಲಿ, ಹೊಸಬ ಅಂತ ಬಿಟ್ಟುಕೊಡುತ್ತಿದ್ದಾನೆ ಅಂದುಕೊಂಡಿದ್ದೆ. ಈಗ ನಾನು ಹೊಸಬನಲ್ಲ. ಅವನು ಬೀಸುವಷ್ಟೇ ದೂರ ನಾನೂ ಬೀಸುತ್ತೇನೆ, ಹೊಳೆಯ ಕಲ್ಲುಗಳು ನನಗೂ ಗೊತ್ತು. ಆದರೂ ಅವನ ಮಾತು ಬದಲಾಗಿಲ್ಲ. ಇದೇ ಹೊಳೆಗೆ ಬೆಳಗಿನ ಜಾವ ಮೂರಕ್ಕೇ ಬಂದು, ಕಾರಿನಲ್ಲೇ ಕೂತು, ಬೆಳಕು ಹರಿಯುವುದನ್ನು ಕಾಯುವವರಿದ್ದಾರೆ. ಮೊದಲ ನೀರು ಬೇರೆಯವರ ಪಾಲಾಗಬಾರದು ಅಂತ. ಹಾಗಿರುವಾಗ ಇವನು ಯಾಕೆ ಕೈಯಲ್ಲಿರುವುದನ್ನು ಪ್ರತಿ ಸಲ ನನಗೆ ಕೊಡುತ್ತಾನೆ? ಕಳೆದ ಸೆಪ್ಟೆಂಬರ್‌ನಲ್ಲಿ ಹೋಗಿ ಬಂದ ಮೇಲೆ ಈ ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ.

ಘಟ್ಟದ ಆಚೆ

ಪೋರ್ಟ್‌ಲ್ಯಾಂಡ್‌ನಿಂದ ಮಾಪಿನ್ ಅನ್ನುವ ಪುಟ್ಟ ಊರಿಗೆ ಕಾರಿನಲ್ಲಿ ಎರಡು ಗಂಟೆ. ಮೌಂಟ್ ಹುಡ್ ಪರ್ವತದ ಭುಜದ ಮೇಲೆ ರಸ್ತೆ ಹತ್ತಿ ಇಳಿಯುತ್ತದೆ. ಹತ್ತುವಾಗ ಇಕ್ಕೆಲದಲ್ಲೂ ದಟ್ಟ ಕಾಡು, ಪಾಚಿ, ಮಂಜು. ಇಳಿಯುತ್ತಾ ಹೋದ ಹಾಗೆ ಮರಗಳು ತೆಳುವಾಗಿ, ಕೊನೆಗೆ ಒಣ ಹುಲ್ಲಿನ ಗುಡ್ಡಗಳು, ಸೇಜ್‌ಬ್ರಷ್ ಪೊದೆ, ಕಪ್ಪು ಬಸಾಲ್ಟ್ ಬಂಡೆ ಮಾತ್ರ ಉಳಿಯುತ್ತವೆ. ಸಮುದ್ರದಿಂದ ಬಂದ ಮೋಡವೆಲ್ಲ ಪರ್ವತದ ಪಶ್ಚಿಮಕ್ಕೇ ಸುರಿದು ಮುಗಿದಿರುತ್ತದೆ, ಪೂರ್ವಕ್ಕೆ ಮಳೆಯೇ ಇಲ್ಲ. ನಮ್ಮ ಸಹ್ಯಾದ್ರಿಯಲ್ಲಿ ಆಗುವುದೂ ಇದೇ ತಾನೆ. ನಾನು ತೀರ್ಥಹಳ್ಳಿ ಕಡೆಯವನು, ಆ ಹಸಿ ಕಾಡು ಬಂದಾಗ ಮನೆ ನೆನಪಾಗುತ್ತದೆ. ಕಾಡು ಮುಗಿದು ಬಯಲು ಬಂದ ಕೂಡಲೇ ಗೆಳೆಯ ಕಿಟಕಿ ಇಳಿಸಿ, "ಈಗ ನೋಡಪಾ ನಮ್ಮ ಕಡೆ ಬಂತು" ಅನ್ನುತ್ತಾನೆ.

ದಾರಿಯುದ್ದಕ್ಕೂ ಮಾತು. ಮಕ್ಕಳ ಶಾಲೆ, ಅವನ ತಾಯಿಯ ಮಂಡಿನೋವು, ಊರಿನ ಮನೆಗೆ ಹೊಸ ಹೆಂಚು ಹಾಕಿಸಬೇಕಾ ಬೇಡವಾ. ಮಧ್ಯೆ ಒಂದು ಮುಖ್ಯ ಪ್ರಶ್ನೆ ಮಾತ್ರ ಪದೇ ಪದೇ ಬರುತ್ತದೆ. ವೈಟ್ ರಿವರ್ ಹೇಗಿದೆ? ಮೌಂಟ್ ಹುಡ್‌ನ ಹಿಮನದಿಯಲ್ಲಿ ಹುಟ್ಟುವ ಈ ಉಪನದಿ ಮಾಪಿನ್‌ಗಿಂತ ಕೆಳಗೆ ಡೆಶೂಟ್ಸ್ ಸೇರುತ್ತದೆ. ಬಿಸಿಲು ಜಾಸ್ತಿಯಾಗಿ ಹಿಮ ಕರಗಿದರೆ ಅಥವಾ ಮೇಲೆ ಮಳೆ ಬಿದ್ದರೆ ಅದು ಬೂದಿ ಬಣ್ಣದ ಹೂಳು ತಂದು ಸುರಿಯುತ್ತದೆ, ಅಲ್ಲಿಂದ ಕೆಳಗಿನ ಹೊಳೆಯೆಲ್ಲ ಕದಡಿಹೋಗುತ್ತದೆ. ಆಗ ಮೀನಿಗೆ ಫ್ಲೈ, ಅಂದರೆ ಪುಕ್ಕ ಕಟ್ಟಿದ ಕೊಕ್ಕೆ, ಕಾಣುವುದೇ ಇಲ್ಲ. ಆ ದಿನ ಸೇತುವೆ ಮೇಲೆ ನಿಲ್ಲಿಸಿ ಬಗ್ಗಿ ನೋಡಿದೆವು. ತಿಳಿ ಹಸಿರು ನೀರು, ಮಂಡಿ ಆಳದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು.

ಸ್ಟೀಲ್‌ಹೆಡ್ ಬಗ್ಗೆ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಊಟಿ ಹತ್ತಿರ ಅವಲಾಂಚ್ ಕಡೆ ಬ್ರಿಟಿಷರು ತಂದು ಬಿಟ್ಟ ರೇನ್‌ಬೋ ಟ್ರೌಟ್ ಇದೆಯಲ್ಲ, ಇದು ಅದೇ ಜಾತಿ. ಒಂದೇ ಹೊಳೆಯಲ್ಲಿ ಹುಟ್ಟಿದ ಮರಿಗಳಲ್ಲಿ ಕೆಲವು ಅಲ್ಲೇ ಉಳಿದು ಟ್ರೌಟ್ ಆಗಿ ಬದುಕುತ್ತವೆ. ಕೆಲವು ಒಂದೆರಡು ವರ್ಷ ಹೊಳೆಯಲ್ಲಿದ್ದು ಸಮುದ್ರಕ್ಕೆ ಇಳಿಯುತ್ತವೆ, ಪೆಸಿಫಿಕ್‌ನಲ್ಲಿ ತಿಂದು ಬೆಳೆದು, ಮೈಯೆಲ್ಲ ಬೆಳ್ಳಿಯಾಗಿ ಹುಟ್ಟಿದ ಹೊಳೆಗೆ ಮರಳುತ್ತವೆ. ಹಾಗೆ ಮರಳಿದ್ದೇ ಸ್ಟೀಲ್‌ಹೆಡ್. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟು ಸಾಯುತ್ತವೆ. ಇದು ಬದುಕಿ ಮತ್ತೆ ಸಮುದ್ರಕ್ಕೆ ಹೋಗಿ ಇನ್ನೊಂದು ಸಲ ಬರಬಲ್ಲದು, ಎಲ್ಲವೂ ಅಲ್ಲದಿದ್ದರೂ ಕೆಲವು. ಡೆಶೂಟ್ಸ್‌ಗೆ ಬರುವ ಮೀನು ಕೊಲಂಬಿಯಾ ನದಿಯಲ್ಲಿ ಸುಮಾರು 200 ಮೈಲಿ ಈಜಿ, ಬಾನ್‌ವಿಲ್ ಮತ್ತು ದ ಡಾಲ್ಸ್ ಅನ್ನುವ ಎರಡು ಅಣೆಕಟ್ಟುಗಳ ಮೀನು ಮೆಟ್ಟಿಲು ಹತ್ತಿ ಇಲ್ಲಿಗೆ ತಲುಪಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ಬಂದು, ಚಳಿಗಾಲವಿಡೀ ಹೊಳೆಯಲ್ಲೇ ಇದ್ದು, ಮುಂದಿನ ವಸಂತದಲ್ಲಿ ಮೊಟ್ಟೆಯಿಡುತ್ತದೆ. ಅಲ್ಲಿವರೆಗೆ ಅದು ತಿನ್ನುವುದು ತೀರಾ ಕಡಿಮೆ. ತಿನ್ನದ ಮೀನು ಬಣ್ಣದ ಪುಕ್ಕ ಕಟ್ಟಿದ ಕೊಕ್ಕೆಗೆ ಯಾಕೆ ಬಾಯಿ ಹಾಕುತ್ತದೆ ಅನ್ನುವುದಕ್ಕೆ ಹೊಳೆಯ ಮೇಲೆ ಒಬ್ಬೊಬ್ಬರದು ಒಂದೊಂದು ಉತ್ತರ. ಸಿಟ್ಟು ಅನ್ನುವವರಿದ್ದಾರೆ, ಚಿಕ್ಕಂದಿನ ಅಭ್ಯಾಸ ಅನ್ನುವವರಿದ್ದಾರೆ.

ನನಗೆ ಈ ಮೀನು ಹಿಡಿಸಿದ್ದು ಹತ್ತುಮೀನಿನ ಕಾರಣಕ್ಕೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುವಾಗ ಅಪ್ಪ ಲಾಟೀನು ಹಿಡಿದು, ಮೀನು ಹಿಡಿಯುವ ಕೂಣಿ ಇಟ್ಟು ಕಾಯುತ್ತಿದ್ದರು. ಹರಿವಿಗೆ ಎದುರಾಗಿ ಹತ್ತುವ ಮೀನಿನ ಬೆನ್ನು ಬೆಳಕಿಗೆ ಹೊಳೆದದ್ದು ಇವತ್ತಿಗೂ ಕಣ್ಣಲ್ಲಿದೆ. ಹತ್ತುವ ಮೀನು ಅಂದರೆ ನನಗೆ ಅಂದಿನಿಂದಲೂ ಒಂದು ತೂಕ ಜಾಸ್ತಿಯೇ.

ಬೆಳಗಿನ ನೀರು

ಷೇರಾರ್ಸ್ ಜಲಪಾತದ ಸೇತುವೆ ದಾಟಿದ ಮೇಲೆ ಹೊಳೆಯ ಪೂರ್ವ ದಡದಲ್ಲಿ ಮ್ಯಾಕ್ಸ್ ಕ್ಯಾನ್ಯನ್‌ವರೆಗೆ 17 ಮೈಲಿ ಜಲ್ಲಿ ರಸ್ತೆ. ಕಾರು ಗಡಗಡ ನಡುಗುತ್ತದೆ. ಸುಮಾರು 1910ರಲ್ಲಿ ಇಬ್ಬರು ರೈಲ್ವೆ ಸಾಹುಕಾರರು, ಹಿಲ್ ಮತ್ತು ಹ್ಯಾರಿಮನ್, ಈ ಕಣಿವೆಯಲ್ಲಿ ಪೈಪೋಟಿಗೆ ಬಿದ್ದು ಹೊಳೆಯ ಎರಡೂ ದಡದಲ್ಲಿ ಒಂದೊಂದು ಹಳಿ ಹಾಕುತ್ತಾ ಹೋದರು. ಯಾರು ಮೊದಲು ಮುಟ್ಟುತ್ತಾರೆ ಅನ್ನುವುದೇ ಅವರ ಹಟ. ಹ್ಯಾರಿಮನ್ ಹಾಕಿದ ಪೂರ್ವದ ಹಳಿ ಎಂದೋ ಕಿತ್ತುಹೋಗಿ ಅದರ ಏರಿಯ ಮೇಲೇ ಈಗ ಈ ಜಲ್ಲಿ ರಸ್ತೆ ಇದೆ. ಪಶ್ಚಿಮದ ಹಳಿಯ ಮೇಲೆ ಇವತ್ತಿಗೂ ಗೂಡ್ಸ್ ರೈಲು ಓಡುತ್ತದೆ.

ನಾವು ಪೂರ್ವ ದಡ ಆರಿಸಿಕೊಳ್ಳುವುದಕ್ಕೆ ಕಾರಣ ನೆರಳು. ಸ್ಟೀಲ್‌ಹೆಡ್‌ಗೆ ನೇರ ಬಿಸಿಲು ಆಗುವುದಿಲ್ಲ, ಬಿಸಿಲು ಬಿದ್ದ ಮೇಲೆ ಮೇಲ್ಮಟ್ಟದ ಫ್ಲೈಗೆ ಏಳುವುದು ಅಪರೂಪ. ಬೆಳಗ್ಗೆ ಬೆನ್ನ ಹಿಂದಿನ ಬಂಡೆಗೋಡೆ ಸೂರ್ಯನನ್ನು ತಡೆದು ನಿಲ್ಲಿಸುತ್ತದೆ. ಎದುರಿನ ಗೋಡೆಯ ತುದಿ ಮೊದಲು ಕೆಂಪಾಗುತ್ತದೆ, ಆಮೇಲೆ ಬಿಸಿಲಿನ ಗೆರೆ ನಿಧಾನಕ್ಕೆ ಇಳಿಯುತ್ತಾ ರೈಲು ಹಳಿ ಮುಟ್ಟುತ್ತದೆ, ಆಮೇಲೆ ಆಚೆ ದಡದ ನೀರು. ಆ ಗೆರೆ ನಮ್ಮ ಕಾಲ ಬುಡಕ್ಕೆ ಬರುವ ತನಕ ನಮಗೆ ಸಮಯ. ಈ ಹೊಳೆಯಲ್ಲಿ ದೋಣಿಯಲ್ಲಿ ಕೂತು ಮೀನು ಹಿಡಿಯುವ ಹಾಗಿಲ್ಲ. ದೋಣಿಯಲ್ಲಿ ಬಂದವರೂ ಇಳಿದು ನಿಂತೇ ಹಿಡಿಯಬೇಕು. ಹಾಗಾಗಿ ಎಲ್ಲರೂ ನೀರಿನಲ್ಲಿ ಕಾಲೂರಿದವರೇ.

ಆ ದಿನವೂ ನಾನೇ ಮುಂದೆ. ಎದೆವರೆಗೆ ಬರುವ, ನೀರು ಒಳಬಿಡದ ವೇಡರ್ ಪ್ಯಾಂಟು, ಮೊಳೆ ಹೊಡೆದ ಬೂಟು, ಕೈಗೆ ಊರುಗೋಲು. ಡೆಶೂಟ್ಸ್‌ನ ತಳದಲ್ಲಿ ಉರುಟು ಕಲ್ಲುಗಳು, ಅವುಗಳ ಮೇಲೆ ಜಾರುವ ಪಾಚಿ. ಹೆಜ್ಜೆ ಎತ್ತುವ ಮೊದಲು ಬೂಟಿನ ತುದಿಯಿಂದ ತಡವಿ ನೋಡಬೇಕು. ಎರಡು ಕೈಯಲ್ಲಿ ಹಿಡಿಯುವ ಉದ್ದ ರಾಡಿನಿಂದ ಲೈನನ್ನು ಓರೆಯಾಗಿ ಕೆಳಕ್ಕೆ ಬೀಸಿದರೆ, ಸೆಳವು ಅದನ್ನು ಹಿಡಿದು ಎಳೆಯುತ್ತದೆ. ತುದಿಯಲ್ಲಿರುವ ಫ್ಲೈ ಹೊಳೆಯ ನಡುವಿನಿಂದ ನಿಧಾನಕ್ಕೆ ಅಡ್ಡ ಹಾಯ್ದು ನನ್ನ ನೇರ ಕೆಳಗೆ ದಡದ ಹತ್ತಿರ ಬಂದು ನಿಲ್ಲುತ್ತದೆ. ನಾನು ಮಾಡಬೇಕಾದ್ದು ಏನೂ ಇಲ್ಲ. ಬೆರಳಿಗೆ ಲೈನಿನ ಬಿಗಿ ಗೊತ್ತಾಗುತ್ತಿರಬೇಕು, ಅಷ್ಟೇ. ಎರಡು ಹೆಜ್ಜೆ. ಮತ್ತೆ ಬೀಸು. ನೀರಿನ ಅಡಿ ಚಪ್ಪಟೆ ಬಂಡೆಯೊಂದಿರುವ ಜಾಗ ನನಗೆ ಗೊತ್ತಿತ್ತು, ಅದರ ಮೇಲೆ ನೀರು ಸ್ವಲ್ಪ ಉಬ್ಬಿ ನುಣುಪಾಗಿ ಹರಿಯುತ್ತದೆ. ಅಲ್ಲಿ ಫ್ಲೈಯನ್ನು ಒಂದಲ್ಲ ಹಲವು ಸಲ ಹಾಯಿಸಿದೆ. ಏನೂ ಆಗಲಿಲ್ಲ. ಮುಂದೆ ಸರಿದೆ.

ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಅವನ ರೀಲು ಕಿರುಚಿತು. ತಿರುಗಿ ನೋಡಿದರೆ ರಾಡು ಬಾಗಿದೆ, ಲೈನು ಹೊಳೆಯ ನಡುವಿಗೆ ಓಡುತ್ತಿದೆ, ಅವನು ಅಲ್ಲಾಡದೆ ನಿಂತಿದ್ದಾನೆ. ಎಲ್ಲಿ ಅಂತ ನೋಡಿದರೆ ಅದೇ ಚಪ್ಪಟೆ ಬಂಡೆ. ಮೀನು ಒಮ್ಮೆ ಪೂರ್ತಿ ನೀರಿನಿಂದ ಮೇಲೆ ಹಾರಿತು. ನಾನು ನನ್ನ ಲೈನು ಸುತ್ತಿಕೊಂಡು ದಡ ಹತ್ತಿ ಅವನ ಕಡೆ ಓಡಿದೆ. ಅವನು ಒಂದೊಂದೇ ಹೆಜ್ಜೆ ದಡದತ್ತ ಬಂದ. ಎರಡು ಮೂರು ಸಲ ಮೀನು ಹತ್ತಿರ ಬಂದು ನನ್ನ ಕಾಲು ಕಂಡು ಮತ್ತೆ ಓಡಿತು. ಕೊನೆಗೆ ಮಂಡಿಯಷ್ಟು ನೀರಿನಲ್ಲಿ ಅದರ ಬಾಲದ ಬುಡ ನನ್ನ ಕೈಗೆ ಸಿಕ್ಕಿತು.

ಐದಾರು ಪೌಂಡ್ ಇರಬೇಕು. ಬೆನ್ನು ಹಸಿರು ಕಲೆತ ಬೂದಿ, ಅದರ ಮೇಲೆ ಸಾಸಿವೆ ಗಾತ್ರದ ಕಪ್ಪು ಚುಕ್ಕೆ. ಪಕ್ಕೆ ಬೆಳ್ಳಿ, ಕಿವಿರಿನ ಮುಚ್ಚಳದ ಮೇಲೆ ತೆಳು ಗುಲಾಬಿ ಬಣ್ಣ ಏಳಲು ಆಗಷ್ಟೇ ಶುರುವಾಗಿತ್ತು. ಬಾಲಕ್ಕಿಂತ ಸ್ವಲ್ಪ ಮುಂದೆ, ಬೆನ್ನ ಮೇಲೆ, ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ಮೆತ್ತಗಿನ ರೆಕ್ಕೆ ಹಾಗೇ ಇತ್ತು. ಹ್ಯಾಚರಿಯಲ್ಲಿ ಬೆಳೆಸಿ ಬಿಟ್ಟ ಮರಿಗಳಿಗೆ ಗುರುತಿಗೆ ಅಂತ ಅದನ್ನು ಕತ್ತರಿಸಿರುತ್ತಾರೆ. ಇದಕ್ಕೆ ಇದೆ ಅಂದರೆ ಹೊಳೆಯಲ್ಲೇ ಹುಟ್ಟಿದ ಮೀನು, ಬಿಡಲೇಬೇಕು. ಹೊಟ್ಟೆಯ ಪಕ್ಕ ಮೂರು ಹಳೆಯ ಗೀರು ಸಾಲಾಗಿ ಇದ್ದವು. "ಕೆಳಗ ಸೀ ಲಯನ್ ಹಿಡದಿತ್ತು ಕಾಣಸ್ತದ, ತಪ್ಪಿಸಿಕೊಂಡು ಬಂದೈತಿ" ಅಂದ. ಮುಳ್ಳಿಲ್ಲದ ಕೊಕ್ಕೆ, ಹಸಿರು ನೂಲು ಸುತ್ತಿದ ಕಪ್ಪು ಫ್ಲೈ, ಬೆರಳಿಂದ ತಿರುಗಿಸಿದ ಕೂಡಲೇ ಬಂತು. ಫೋಟೋಗೆ ನಾನು ಫೋನು ತೆಗೆಯುವಷ್ಟರಲ್ಲಿ, "ಬ್ಯಾಡ, ಎತ್ತಬ್ಯಾಡ, ನೀರಾಗ ಇರ್ಲಿ" ಅಂದ. ಮೀನಿನ ಮುಖ ಹರಿವಿಗೆ ಎದುರಾಗಿ ಹಿಡಿದುಕೊಂಡೆ. ಕಿವಿರು ತೆರೆದು ಮುಚ್ಚುವುದು ಅಂಗೈಗೆ ಗೊತ್ತಾಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಬಾಲಕ್ಕೆ ಬಲ ಬಂತು, ಮುಖಕ್ಕೆ ನೀರು ಹೊಡೆದು ಹೋಯಿತು.

"ನೀ ಎಬ್ಬಿಸಿದಿ, ನಾ ಹಿಡದೆ" ಅಂತ ನನ್ನ ಭುಜ ಹಿಡಿದುಕೊಂಡ. ಅದು ಸಮಾಧಾನದ ಮಾತಲ್ಲ. ಈ ಮೀನು ಹಿಡಿಯುವ ಹಳಬರು ಹೇಳುವುದೂ ಅದನ್ನೇ. ಮೊದಲ ಫ್ಲೈ ಕಂಡು ಮೀನು ಕದಲುತ್ತದೆ, ಎಚ್ಚರಾಗುತ್ತದೆ, ಎರಡನೆಯದು ಬಂದಾಗ ಬಾಯಿ ಹಾಕುತ್ತದೆ. ಹಾಗೆ ಆಗಿರಬಹುದು. ಅವನ ಫ್ಲೈ ಒಂದು ಗೇಣು ಆಳದಲ್ಲಿ ಹೋಗಿರಬಹುದು. ನನಗೆ ಆ ಕ್ಷಣ ಕಾರಣ ಬೇಕಾಗಿರಲಿಲ್ಲ. ಅವನ ಮೀನನ್ನು ನನ್ನ ಕೈ ಹಿಡಿದಿತ್ತು, ಆ ಖುಷಿ ನನ್ನದೂ ಆಗಿತ್ತು.

ಆಲ್ಡರ್ ಮರದ ಕೆಳಗೆ

ಬಿಸಿಲು ನೀರಿಗೆ ಬಿದ್ದ ಮೇಲೆ ಸಂಜೆವರೆಗೆ ಕೆಲಸವಿಲ್ಲ. ಹೊಳೆಯ ಅಂಚಿನ ಆಲ್ಡರ್ ಮರದ ನೆರಳಿನಲ್ಲಿ ಚಾಪೆ ಹಾಸಿದೆವು. ಅವನ ಡಬ್ಬಿಯಲ್ಲಿ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನನ್ನದರಲ್ಲಿ ಚಿತ್ರಾನ್ನ, ಮೊಸರನ್ನ, ಊರಿಂದ ಬಂದ ಅಪ್ಪೆಮಿಡಿ. ತಿಂದು ಮಲಗಿದೆವು. ಸುಮ್ನೆ ಬಿದ್ದುಕೊಂಡು ಆಚೆ ದಡದ ರೈಲು ಹೋಗುವುದನ್ನು ನೋಡುವುದು ಈ ದಿನಗಳಲ್ಲಿ ನನಗೆ ತುಂಬಾ ಇಷ್ಟದ ಭಾಗ. ವರ್ಷದಲ್ಲಿ ಬೇರೆ ಯಾವಾಗಲೂ ಮಧ್ಯಾಹ್ನದ ಮೂರು ಗಂಟೆ ಪೂರ್ತಿ ನಮ್ಮಿಬ್ಬರ ಕೈಗೆ ಸಿಗುವುದಿಲ್ಲ.

ಆಗ ಕೇಳಿದೆ. ಯಾಕೆ ಮಾರಾಯ, ಯಾವಾಗಲೂ ನನ್ನನ್ನೇ ಮುಂದೆ ಕಳಿಸುತ್ತೀಯಾ? ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ. "ಹಿಂದ ನಿಂತ್ರ ನೀ ಕಾಣಸ್ತೀ. ಮುಂದ ನಿಂತ್ರ ನನಗ ಬರೇ ನೀರು ಕಾಣಸ್ತದ."

ಆಮೇಲೆ ಉಳಿದದ್ದನ್ನು ಹೇಳಿದ. ನಾನು ಜೊತೆಯಾಗುವುದಕ್ಕೆ ಎಷ್ಟೋ ಮೊದಲು ಅವನು ಇಲ್ಲಿಗೆ ಒಬ್ಬನೇ ಬರುತ್ತಿದ್ದ. ಒಂದು ಸಂಜೆ ಕಾಲು ಜಾರಿ ಬಿದ್ದು, ವೇಡರ್ ಒಳಗೆ ನೀರು ನುಗ್ಗಿ, ಸೆಳವಿನಲ್ಲಿ ಕೊಚ್ಚಿಕೊಂಡು ಹೋಗಿ, ಬಗ್ಗಿದ್ದ ಒಂದು ಆಲ್ಡರ್ ಬೇರು ಹಿಡಿದು ದಡ ಸೇರಿದ್ದನಂತೆ. ಎದ್ದು ಕೂತಾಗ ಹೊಳೆಯ ಎರಡೂ ಕಡೆ ಒಂದು ನರಪಿಳ್ಳೆಯಿಲ್ಲ. ಇಷ್ಟು ವರ್ಷದಲ್ಲಿ ಇದನ್ನು ನನಗೆ ಹೇಳಿರಲಿಲ್ಲ. "ಮೀನು ಸಿಗ್ಲಿಲ್ಲಂದ್ರ ಮನಿಗೆ ಹೋಗೂದು. ನೀ ಸಿಗ್ಲಿಲ್ಲಂದ್ರ ನಾ ಏನ್ ಹೇಳ್ಲಿ ಮನ್ಯಾಗ?" ಅಂದ.

ಸ್ವಲ್ಪ ಹೊತ್ತಿನ ಮೇಲೆ ಅವನ ತಾಯಿಯ ಮಾತು ಬಂತು. "ನಮ್ಮವ್ವ ಎಂದೂ ಮೊದಲನೇ ಪಂಕ್ತಿಗೆ ಕುಂತಾಕಿ ಅಲ್ಲ." ನನಗೆ ತಕ್ಷಣ ಅರ್ಥವಾಯಿತು. ನಮ್ಮ ಮನೆಗಳ ಮದುವೆ, ದೇವರ ಕಾರ್ಯ ಯಾವುದೇ ಇರಲಿ, ಮನೆಯವರು ಕೂರುವುದು ಕೊನೆಯ ಪಂಕ್ತಿಗೆ. ಬಂದವರ ಎಲೆಗೆ ಏನು ಬಿತ್ತು, ಯಾರಿಗೆ ಸಾರು ಬೇಕು ಅಂತ ಓಡಾಡಿ, ಎಲ್ಲರದೂ ಆದ ಮೇಲೆ, ಉಳಿದದ್ದರಲ್ಲಿ ತಾವು. ಅಷ್ಟು ಹೊತ್ತಿಗೆ ಹೋಳಿಗೆ ಮುಗಿದಿರುತ್ತದೆ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಈ ಹೊಳೆಗೆ ಬಂದದ್ದು ಅವನ ಜೊತೆ. ಅವನ ಲೆಕ್ಕದಲ್ಲಿ ಡೆಶೂಟ್ಸ್ ಅವನ ಮನೆ, ನಾನು ಎಲೆ ಮುಂದೆ ಕೂತವನು.

ನಾನು ಮುಂದೆ ಹೋಗುವಾಗೆಲ್ಲ ಹಿಂದಿನವನ ಕಣ್ಣು ನನ್ನ ಮೇಲಿರುತ್ತದೆ ಅನ್ನುವುದು ಗೊತ್ತಾದ ಮೇಲೆ, ಕಳೆದ ವರ್ಷಗಳ ಎಷ್ಟೋ ಸಣ್ಣ ವಿಷಯಗಳಿಗೆ ಅರ್ಥ ಬಂತು. ನಾನು ಆಳಕ್ಕೆ ಇಳಿದಾಗ ಅವನ ಸಿಳ್ಳೆ ಕೇಳುತ್ತಿದ್ದದ್ದು. ಫ್ಲೈ ಕಳೆದುಕೊಂಡು ಗಂಟು ಹಾಕುತ್ತಾ ನಿಂತಾಗ ಅವನೂ ಬೀಸುವುದು ನಿಲ್ಲಿಸಿ ಕಾಯುತ್ತಿದ್ದದ್ದು. ನನ್ನ ಬೀಸು ಎಲ್ಲಿ ಗಿಡ್ಡವಾಯಿತು ಅಂತ ಮಧ್ಯಾಹ್ನ ಕರಾರುವಾಕ್ಕಾಗಿ ಹೇಳುತ್ತಿದ್ದದ್ದು.

ಷೇರಾರ್ಸ್‌ನಲ್ಲಿ

ನಿದ್ದೆ ಮುಗಿಸಿ ಷೇರಾರ್ಸ್ ಜಲಪಾತಕ್ಕೆ ಹೋದೆವು. ಇಡೀ ಹೊಳೆ ಅಲ್ಲಿ ಕಪ್ಪು ಬಂಡೆಗಳ ಒಂದು ಸೀಳಿನೊಳಗೆ ನುಗ್ಗುತ್ತದೆ. ಬಂಡೆಗೆ ಕಟ್ಟಿದ ಮರದ ಅಟ್ಟಣಿಗೆಗಳು ನೊರೆಯ ಮೇಲೆ ಚಾಚಿಕೊಂಡಿವೆ. ಅವುಗಳ ಮೇಲೆ ನಿಂತು ವಾರ್ಮ್ ಸ್ಪ್ರಿಂಗ್ಸ್ ಬುಡಕಟ್ಟಿನವರು ಉದ್ದ ಕೋಲಿನ ತುದಿಗೆ ಬಳೆ ಹಾಕಿ ಕಟ್ಟಿದ ಬಲೆಯಿಂದ ಸಾಲ್ಮನ್ ಹಿಡಿಯುತ್ತಾರೆ. ಆ ದಿನ ಒಬ್ಬ ಹುಡುಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತುದಿಯಲ್ಲಿ ನಿಂತಿದ್ದ. ಬಲೆಯನ್ನು ನೊರೆಯೊಳಗೆ ಇಳಿಸಿ, ಹರಿವಿನ ಜೊತೆ ಎಳೆದು, ಎತ್ತಿ, ಮತ್ತೆ ಇಳಿಸುತ್ತಿದ್ದ. ಹಿಂದೆ ಐಸ್ ಡಬ್ಬದ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಅವರ ಕೈಯಲ್ಲಿ ಬಲೆ ಇರಲಿಲ್ಲ. ಹುಡುಗನ ಕಾಲು, ಹಗ್ಗ, ನೀರು, ಈ ಮೂರರ ಮೇಲೇ ಅವರ ಕಣ್ಣು. ಗೆಳೆಯ ನನ್ನ ಕಡೆ ನೋಡಿದ, ಏನೂ ಹೇಳಲಿಲ್ಲ.

ಇದು ಯಾರ ಹೊಳೆ ಅನ್ನುವುದನ್ನು ಇಲ್ಲಿ ನಿಂತಾಗ ಮರೆಯಲು ಆಗುವುದಿಲ್ಲ. 1855ರ ಒಪ್ಪಂದದಲ್ಲಿ ಈ ಜನ ತಮ್ಮ ಬಹುಪಾಲು ನೆಲ ಬಿಟ್ಟುಕೊಟ್ಟರು, ಆದರೆ ತಮ್ಮ ಹಳೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. ಬರೆದುಕೊಟ್ಟ ಮಾತನ್ನು ಸರ್ಕಾರ ಪಾಲಿಸುವಂತೆ ಮಾಡಲು ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಡೆಶೂಟ್ಸ್ ಕೊಲಂಬಿಯಾ ಸೇರುವ ಜಾಗದಿಂದ ಸ್ವಲ್ಪವೇ ಕೆಳಗಿದ್ದ ಸೆಲೈಲೋ ಜಲಪಾತ, ಸಾವಿರಾರು ವರ್ಷ ಜನ ಇದೇ ರೀತಿ ಅಟ್ಟಣಿಗೆ ಕಟ್ಟಿ ಮೀನು ಹಿಡಿದ ಜಾಗ, 1957ರಲ್ಲಿ ದ ಡಾಲ್ಸ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಯಾಕಮಾ ಜನಾಂಗದ ಡೇವಿಡ್ ಸೊಹ್ಯಾಪಿ ಮತ್ತು ಸಂಗಡಿಗರು ಕೋರ್ಟಿಗೆ ಹೋದರು. 1969ರಲ್ಲಿ ನ್ಯಾಯಾಧೀಶ ರಾಬರ್ಟ್ ಬೆಲೋನಿ, ಬುಡಕಟ್ಟುಗಳಿಗೆ ನ್ಯಾಯವಾದ ಪಾಲು ಸಿಗಲೇಬೇಕು ಅಂತ ತೀರ್ಪು ಕೊಟ್ಟರು. ಐದು ವರ್ಷದ ಮೇಲೆ ವಾಷಿಂಗ್ಟನ್ ರಾಜ್ಯದಲ್ಲಿ ಜಾರ್ಜ್ ಬೋಲ್ಟ್ ಅನ್ನುವ ನ್ಯಾಯಾಧೀಶರು, ಹಿಡಿಯಬಹುದಾದ ಮೀನಿನಲ್ಲಿ ಅವರ ಪಾಲು ಅರ್ಧದವರೆಗೆ ಅಂತ ಹೇಳಿದರು. ಈ ಬುಡಕಟ್ಟಿನವರ ಹಬ್ಬದ ಊಟ ಒಂದು ಗುಟುಕು ನೀರಿನಿಂದ ಶುರುವಾಗಿ ನೀರಿನಿಂದಲೇ ಮುಗಿಯುತ್ತದೆ. ನೀರು ಮೊದಲು, ಆಮೇಲೆ ಸಾಲ್ಮನ್, ಆಮೇಲೆ ಉಳಿದದ್ದು. ಆಪೋಶನ ತೆಗೆದುಕೊಂಡು ಊಟ ಶುರು ಮಾಡುವ ಹಿರಿಯರನ್ನು ನೋಡಿ ಬೆಳೆದವನಿಗೆ ಇದು ದೂರದ ಸಂಗತಿ ಅನ್ನಿಸಲಿಲ್ಲ.

ನಾನೂ ಗೆಳೆಯನೂ ಬೆಳಗ್ಗೆ ಮೊದಲ ನೀರು ಅಂತ ಅಂದುಕೊಳ್ಳುವುದು ನಿಜಕ್ಕೂ ಎಷ್ಟನೆಯ ನೀರು? ಅಲ್ವಾ. ಆ ಹೊಳೆಯಲ್ಲಿ ನಾವಿಬ್ಬರೂ ತೀರಾ ಇತ್ತೀಚಿನವರು. ಇದನ್ನು ನೆನಪಿಟ್ಟುಕೊಂಡೇ ನೀರಿಗೆ ಇಳಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಂಜೆ

ಸಂಜೆ ಪಶ್ಚಿಮದ ಗೋಡೆಯ ನೆರಳು ಹೊಳೆಗೆ ಬಿದ್ದ ಮೇಲೆ ನಾನು ದಡದಲ್ಲೇ ಕೂತೆ. "ಈಗ ನೀನು ಹೋಗು" ಅಂದೆ. ಅವನು ವಾದ ಮಾಡಲಿಲ್ಲ, ರಾಡು ತೆಗೆದುಕೊಂಡು ಇಳಿದ. ಅವನು ಚೆನ್ನಾಗಿ ಕೆಳಗೆ ಹೋದ ಮೇಲೆ ನಾನು ಇಳಿದೆ.

ಹಿಂದೆ ನಿಂತರೆ ಹೊಳೆ ಬೇರೆಯಾಗಿಯೇ ಕಾಣುತ್ತದೆ. ಮುಂದಿರುವಾಗ ನಾನು ಮುಂದಿನ ಕಲ್ಲು, ಮುಂದಿನ ಉಬ್ಬು ಅಂತ ಧಾವಂತದಲ್ಲಿರುತ್ತಿದ್ದೆ. ಈಗ ಆತುರವೇ ಇರಲಿಲ್ಲ. ಅವನು ಎಡಗಾಲನ್ನು ಸ್ವಲ್ಪ ಎಳೆದು ಇಡುತ್ತಾನೆ ಅನ್ನುವುದು ಮೊದಲ ಸಲ ಕಣ್ಣಿಗೆ ಬಿತ್ತು. ಒಂದೊಂದು ಬೀಸಿಗೂ ಮೊದಲು ಅರೆಕ್ಷಣ ನಿಲ್ಲುತ್ತಾನೆ. ಅವನ ಫ್ಲೈ ಎಲ್ಲಿ ಹಾಯುತ್ತದೆ ಅಂತ ನೋಡಿ, ಅವನು ಬಿಟ್ಟ ದಡದ ಹತ್ತಿರದ ಸಣ್ಣ ಜಾಗಗಳಲ್ಲಿ ನಾನು ಬೀಸಿದೆ. ಒಂದು ಕಡೆ ಅವನು ಸೊಂಟದಾಳಕ್ಕೆ ಇಳಿದಾಗ ನನಗೆ ಗೊತ್ತಿಲ್ಲದೆ ನನ್ನ ಕೈ ನಿಂತಿತ್ತು. ಅವನು ಮತ್ತೆ ತೊಡೆಯಾಳಕ್ಕೆ ಬಂದ ಮೇಲೆ ಬೀಸಿದೆ. ಒಂದು ಡಿಪ್ಪರ್ ಹಕ್ಕಿ ನಮ್ಮಿಬ್ಬರ ನಡುವಿನ ಕಲ್ಲಿನ ಮೇಲೆ ಕುಣಿದು ಕುಣಿದು ನೀರೊಳಗೆ ನಡೆದೇ ಹೋಯಿತು. ಮೀನು ಇಬ್ಬರಿಗೂ ಸಿಗಲಿಲ್ಲ. ಕತ್ತಲಾಗುವ ತನಕ ನಿಂತಿದ್ದೆವು.

ಎಣಿಕೆ

ವಾಪಸ್ ಬರುವಾಗ ಕಾರಿನಲ್ಲಿ ಮಾತು ಮೀನಿನ ಲೆಕ್ಕಕ್ಕೆ ತಿರುಗಿತು. ಬಾನ್‌ವಿಲ್ ಅಣೆಕಟ್ಟಿನಲ್ಲಿ ಮೀನು ಮೆಟ್ಟಿಲಿನ ಪಕ್ಕ ಒಂದು ಗಾಜಿನ ಕಿಟಕಿ ಇದೆ, ಹತ್ತಿ ಹೋಗುವ ಮೀನುಗಳನ್ನು ಅಲ್ಲಿ ಎಣಿಸುತ್ತಾರೆ. 1938ರಿಂದ ಈ ಎಣಿಕೆ ನಡೆದು ಬಂದಿದೆ. 2021ರ ಬೇಸಿಗೆಯಲ್ಲಿ ಸ್ಟೀಲ್‌ಹೆಡ್ ಎಣಿಕೆ ಅಷ್ಟೂ ವರ್ಷಗಳಲ್ಲೇ ಕಡಿಮೆ ಮಟ್ಟಕ್ಕೆ ಇಳಿಯಿತು. ಆ ಸೆಪ್ಟೆಂಬರ್‌ನಲ್ಲಿ ಡೆಶೂಟ್ಸ್‌ನಲ್ಲಿ ಸ್ಟೀಲ್‌ಹೆಡ್ ಹಿಡಿಯುವುದನ್ನೇ ನಿಲ್ಲಿಸಿದರು. ಈಗ ಹೊಳೆಯಲ್ಲಿ ಹುಟ್ಟಿದ ಮೀನು ಬಾನ್‌ವಿಲ್ ದಾಟಿದ್ದು ಎಷ್ಟು ಅಂತ ನೋಡಿ ತೆರೆಯುವುದಾ ಮುಚ್ಚುವುದಾ ಅಂತ ತೀರ್ಮಾನಿಸುತ್ತಾರೆ. ಸಮುದ್ರ ಬಿಸಿಯಾಗಿದೆ, ಅಣೆಕಟ್ಟುಗಳ ಹಿಂದೆ ನಿಂತ ನೀರು ಬಿಸಿಯಾಗಿದೆ. ಬೇಸಿಗೆಯಲ್ಲಿ ಕೊಲಂಬಿಯಾ ಎಷ್ಟು ಕಾಯುತ್ತದೆ ಅಂದರೆ, ದೂರದ ಐಡಾಹೋಗೆ ಹೋಗಬೇಕಾದ ಸ್ಟೀಲ್‌ಹೆಡ್‌ಗಳೂ ದಾರಿ ಮಧ್ಯೆ ಡೆಶೂಟ್ಸ್‌ನೊಳಗೆ ತಿರುಗಿ ತಂಪು ನೀರಿನಲ್ಲಿ ನಿಂತು ಸುಧಾರಿಸಿಕೊಂಡು ಹೋಗುತ್ತವೆ. ನಮ್ಮ ಚಪ್ಪಟೆ ಬಂಡೆಯ ಹತ್ತಿರ ನಿಂತದ್ದು ಈ ಹೊಳೆಯ ಮೀನೋ, ದಣಿದು ಬಂದ ಐಡಾಹೋದ ಮೀನೋ, ನೋಡಿ ಹೇಳಲು ಬರುವುದಿಲ್ಲ.

ಹಿಡಿದು ತಿನ್ನದ ಮೇಲೆ ಮೀನಿಗೆ ಯಾಕೆ ಕೊಕ್ಕೆ ಚುಚ್ಚುತ್ತೀರಿ ಅಂತ ಊರಿಗೆ ಹೋದಾಗ ಅಮ್ಮ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೀನಿಗೆ ತೊಂದರೆಯೇ ಆಗುವುದಿಲ್ಲ ಅಂತ ನಾನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಬಿಟ್ಟ ಮೀನಿನಲ್ಲೂ ಕೆಲವು ಸಾಯುತ್ತವೆ. ನೀರು ಬಿಸಿಯಾದಷ್ಟೂ ಜಾಸ್ತಿ. ಅದಕ್ಕೇ ಗೆಳೆಯನ ವೇಡರ್ ಜೇಬಿನಲ್ಲಿ ಒಂದು ಥರ್ಮಾಮೀಟರ್ ಇರುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಲೈನು ಸುತ್ತಿಬಿಡುತ್ತೇವೆ. ಒಂದು ಮೀನು ಬಿಟ್ಟ ಮೇಲೆ ಅದೇ ಜಾಗದಲ್ಲಿ ಮತ್ತೆ ಬೀಸುವುದಿಲ್ಲ. ಹೊಳೆ ತೆರೆದಿದ್ದರೂ ಎಣಿಕೆ ತೀರಾ ಕಡಿಮೆ ಇದ್ದ ವರ್ಷ ಹೋಗಬೇಕಾ ಅಂತ ಆ ರಾತ್ರಿ ಮೌಂಟ್ ಹುಡ್ ಹತ್ತುವವರೆಗೂ ಮಾತಾಡಿದೆವು. ನಾನು ಹೋಗೋಣ, ಹೋಗುವವರು ಇದ್ದರೆ ಹೊಳೆಯ ಬಗ್ಗೆ ಕೇಳುವವರೂ ಇರುತ್ತಾರೆ ಅಂದೆ. ಅವನು ಬೇಡ ಅಂದ. "ಆ ವರ್ಷ ಅವಕ್ಕ ಬಿಡೂಣು. ನಮ್ಮ ಪಾಳಿ ಆಮ್ಯಾಲೆ." ಕಾಡು ಮುಗಿದು ಊರಿನ ದೀಪಗಳು ಬರುವ ಹೊತ್ತಿಗೆ ನಾನೂ ಅವನ ಮಾತಿಗೆ ಬಂದಿದ್ದೆ.

ಈಗ ಜುಲೈ. ದಿನಾ ರಾತ್ರಿ ಬಾನ್‌ವಿಲ್ ಎಣಿಕೆ ನೋಡಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದೇವೆ. ಹೊಳೆ ತೆರೆದು, ಎಣಿಕೆಯೂ ಪರವಾಗಿಲ್ಲ ಅನ್ನಿಸಿದರೆ ಸೆಪ್ಟೆಂಬರ್ ಎರಡನೇ ವಾರ ಇಬ್ಬರೂ ರಜೆ ಹಾಕುವುದು ಅಂತ ಆಗಿದೆ. ಇಲ್ಲದಿದ್ದರೆ ಆ ವಾರ ಜಾನ್ ಡೇ ಹೊಳೆಗೆ ಹೋಗಿ ಬಾಸ್ ಮೀನು ಹಿಡಿಯುತ್ತೇವೆ. ಅಲ್ಲಿ ಬಾಸ್ ಬೇಕಾದಷ್ಟಿವೆ, ಇಬ್ಬರೂ ಅಕ್ಕಪಕ್ಕದಲ್ಲೇ ನಿಂತು ಮಾತಾಡುತ್ತಾ ಹಿಡಿಯಬಹುದು.